ಅರ್ಧ ನಿಮಿಷದ ಕೇಳುಗ: ಬೀದಿ ಸುವಾರ್ತೆಯಲ್ಲಿ ಪ್ರೀತಿ ಮತ್ತು ನ್ಯಾಯತೀರ್ಪು

ಬೀದಿಯಲ್ಲಿ ನಿಂತು ಕ್ರೈಸ್ತ ಸುವಾರ್ತೆ ಸಾರುವವರ ನಡುವೆ ಹಳೆಯದೊಂದು ತಕರಾರಿದೆ. ‘ದೇವರು ನಿನ್ನನ್ನು ಪ್ರೀತಿಸುತ್ತಾನೆ’ ಎಂದು ಶುರುಮಾಡಬೇಕೋ, ‘ನ್ಯಾಯತೀರ್ಪಿನ ದಿನ ಬರುತ್ತಿದೆ, ಪಾಪ ಬಿಟ್ಟು ತಿರುಗಿಕೋ’ ಎಂದೋ? ಮೊದಲನೆಯವರ ಪ್ರಕಾರ ಎರಡನೆಯವರು ಜನರನ್ನು ಹೆದರಿಸುವವರು. ಎರಡನೆಯವರ ಪ್ರಕಾರ ಮೊದಲನೆಯವರು ಅರ್ಧ ಸತ್ಯ ಹೇಳಿ ಕೈತೊಳೆದುಕೊಳ್ಳುವವರು. ಎರಡೂ ಬೇಕೆಂಬುದನ್ನು ಸಭೆಯೊಳಗೆ ಕೂತು ಮಾತಾಡುವಾಗ ಹೆಚ್ಚುಕಡಿಮೆ ಎಲ್ಲರೂ ಒಪ್ಪುತ್ತಾರೆ. ತೊಡಕು ಶುರುವಾಗುವುದು ಹೊರಗೆ ಬಂದಾಗ. ಕೇಳುವವನು ಎಷ್ಟು ಹೊತ್ತು ನಿಲ್ಲುತ್ತಾನೆ, ಕೇಳಿದ ಮೇಲೆ ಎಲ್ಲಿಗೆ ಹೋಗುತ್ತಾನೆ ಎಂಬ ಎರಡು ಪ್ರಶ್ನೆಗಳನ್ನು ಬಿಟ್ಟು ಈ ಜಗಳದ ಇತಿಹಾಸ ಅರ್ಥವಾಗುವುದಿಲ್ಲ.

ಸತ್ಯವೇದದಲ್ಲೇ (ಬೈಬಲಿನಲ್ಲೇ) ಮಾದರಿಗಳು ಒಂದೇ ಥರ ಇಲ್ಲ. ಪ್ರವಾದಿ ಯೋನನು ನಿನೆವೆಯಲ್ಲಿ ಸಾರಿದ್ದು ಒಂದೇ ಮಾತು: ನಲವತ್ತು ದಿನ ಕಳೆದರೆ ಈ ಊರು ಕೆಡವಲ್ಪಡುವುದು. ಅದರಲ್ಲಿ ಪ್ರೀತಿಯ ಸೊಲ್ಲಿಲ್ಲ, ಪಶ್ಚಾತ್ತಾಪಪಡಿ ಎಂಬ ಕರೆಯೂ ಇಲ್ಲ. ಆದರೂ ಊರು ತಿರುಗಿಕೊಂಡಿತು, ದೇವರು ಕನಿಕರಿಸಿದ, ಸಿಟ್ಟಾದವನು ಪ್ರವಾದಿ. ಅಪೊಸ್ತಲ ಪೌಲನ ದಾರಿ ಬೇರೆ. ಅಥೇನೆಯ ಪೇಟೆಯಲ್ಲಿ ದಿನವೂ ವಾದಿಸುತ್ತಿದ್ದ ಅವನು ಅಲ್ಲಿನ ನ್ಯಾಯಸಭೆಯಾದ ಅರಿಯೊಪಾಗದಲ್ಲಿ ಮಾತಾಡುವಾಗ ಆ ಊರಿನದೇ ಬಲಿಪೀಠ, ಆ ಜನರದೇ ಕವಿಗಳಿಂದ ಹೊರಟು ನ್ಯಾಯತೀರ್ಪನ್ನು ಕೊನೆಗಿಟ್ಟ. ಅದೇ ಪೌಲ ಅಧಿಕಾರಸ್ಥನಾದ ಫೇಲಿಕ್ಸನ ಮುಂದೆ ನೇರವಾಗಿ ನೀತಿ, ದಮೆ (ಸ್ವನಿಯಂತ್ರಣ), ಮುಂದಣ ನ್ಯಾಯವಿಚಾರಣೆ ಎಂದ. ಫೇಲಿಕ್ಸನು ನಡುಗಿ, ಸಮಯ ಸಿಕ್ಕಾಗ ಕರೆಸುತ್ತೇನೆ ಎಂದು ಕಳಿಸಿಬಿಟ್ಟ. ಪ್ರೀತಿಯ ಪಕ್ಷದವರು ಎತ್ತಿಹಿಡಿಯುವ ಯೋಹಾನ 3:16ರಲ್ಲೂ ‘ನಾಶವಾಗದೆ’ ಎಂಬ ಮಾತು ಕೂತಿದೆ. ವಚನ ಹುಡುಕಿ ಒಂದು ಪಕ್ಷ ಗೆಲ್ಲುವ ವಾದ ಇದಲ್ಲ.

ಈಗಿನ ಬೀದಿ ಪ್ರಸಂಗದ, ಅಂದರೆ ಬೀದಿ ಬೋಧನೆಯ, ಬೇರು ಇರುವುದು 1739ರ ಇಂಗ್ಲೆಂಡಿನಲ್ಲಿ. ಆ ಫೆಬ್ರವರಿಯಲ್ಲಿ ಪಾದ್ರಿ ಜಾರ್ಜ್ ವಿಟ್‌ಫೀಲ್ಡ್ ಬ್ರಿಸ್ಟಲ್ ಪಕ್ಕದ ಕಿಂಗ್ಸ್‌ವುಡ್‌ನಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರಿಗೆ ಬಯಲಿನಲ್ಲೇ ಬೋಧಿಸಿದ. ಮೊದಲ ದಿನ ಸೇರಿದ್ದವರು ಸುಮಾರು 200 ಮಂದಿ. ವಾರಗಳಲ್ಲಿ ಅದು ಸಾವಿರಗಳಾಯಿತು. ಮಸಿ ಮೆತ್ತಿದ ಕೆನ್ನೆಗಳ ಮೇಲೆ ಕಣ್ಣೀರು ಬಿಳಿ ಗೆರೆ ಎಳೆದದ್ದನ್ನು ಅವನೇ ದಾಖಲಿಸಿದ್ದಾನೆ. ಅವನ ಒತ್ತಾಯಕ್ಕೆ ಬ್ರಿಸ್ಟಲ್‌ಗೆ ಬಂದ, ಮುಂದೆ ಮೆಥಡಿಸ್ಟ್ ಚಳವಳಿಯ ನಾಯಕನಾದ ಜಾನ್ ವೆಸ್ಲಿಗೆ ಚರ್ಚಿನ ಹೊರಗೆ ಬೋಧಿಸುವುದೇ ಅಸಭ್ಯ ಅನಿಸುತ್ತಿತ್ತು. ಮನಸ್ಸು ಗಟ್ಟಿಮಾಡಿಕೊಂಡು ಏಪ್ರಿಲ್ 2ರಂದು ಸುಮಾರು 3,000 ಜನರ ಮುಂದೆ ನಿಂತಾಗ ಅವನು ಆರಿಸಿಕೊಂಡ ವಾಕ್ಯ ಲೂಕ 4ರದ್ದು: ಬಡವರಿಗೆ ಶುಭವರ್ತಮಾನ, ಸೆರೆಯಲ್ಲಿರುವವರಿಗೆ ಬಿಡುಗಡೆ. ನರಕದ ಬೆಂಕಿ ಗಂಧಕದ ಪರಂಪರೆ ಎಂದು ಮೂದಲಿಸಿಕೊಳ್ಳುವ ಈ ಚಳವಳಿಯಲ್ಲಿ ವೆಸ್ಲಿಯ ಮೊದಲ ಬಯಲು ಪ್ರಸಂಗ ಕರುಣೆಯ ಮೇಲಿತ್ತೆಂಬುದು ಇವತ್ತಿನ ಎರಡೂ ಪಕ್ಷದವರಿಗೆ ಮರೆತುಹೋಗಿದೆ.

ಪ್ರೀತಿ ಮತ್ತು ಎಚ್ಚರಿಕೆಯ ಪ್ರಮಾಣದ ಬಗ್ಗೆ ಅತಿ ಸ್ಪಷ್ಟವಾದ ಸೂತ್ರ ಬರೆದಿಟ್ಟವನೂ ವೆಸ್ಲಿಯೇ. 1751ರ ಡಿಸೆಂಬರಿನ ಒಂದು ಪತ್ರದಲ್ಲಿ ಅವನು ಹೇಳುವ ಕ್ರಮ ಹೀಗೆ: ಹೊಸ ಜಾಗದಲ್ಲಿ ಮೊದಲು ದೇವರು ಪಾಪಿಗಳನ್ನು ಪ್ರೀತಿಸುತ್ತಾನೆ, ಅವರು ರಕ್ಷಣೆ ಹೊಂದಬೇಕೆಂದು ಬಯಸುತ್ತಾನೆ ಎಂದು ಸಾರಬೇಕು. ಆಮೇಲೆ ಧರ್ಮಶಾಸ್ತ್ರವನ್ನು, ಅಂದರೆ ದೇವರ ಆಜ್ಞೆ ಮತ್ತು ಅದನ್ನು ಮೀರಿದ ತಪ್ಪನ್ನು, ಸಾಧ್ಯವಾದಷ್ಟು ಬಲವಾಗಿ, ಒಳಹೊಕ್ಕು ಬೋಧಿಸಬೇಕು. ಕೃಪೆಯನ್ನು ಆಗ ದೂರದಿಂದ ತೋರಿಸಿದರೆ ಸಾಕು. ಪಾಪದ ಅರಿವಾದವರು ಹೆಚ್ಚಿದಂತೆ ಕೃಪೆಯ ಪಾಲನ್ನೂ ಹೆಚ್ಚಿಸುತ್ತ ಹೋಗಬೇಕು. ಬರೀ ಸಿಹಿ ಮಾತಾಡುವ ಬೋಧಕರು ಕೇಳುಗರ ನಾಲಿಗೆ ಕೆಡಿಸುತ್ತಾರೆ ಎಂಬ ಸಿಟ್ಟೂ ಆ ಪತ್ರದಲ್ಲಿದೆ. ಒಂದನ್ನು ಬಿಟ್ಟು ಇನ್ನೊಂದನ್ನು ಬೋಧಿಸಬೇಡಿ ಎಂಬ ಮಾತೂ ಇದೆ.

ಈ ಸೂತ್ರವನ್ನು ಈಗಲೂ ಪಾಠ ಮಾಡುತ್ತಾರೆ, ಆದರೆ ಅದರ ಕೆಳಗಿದ್ದ ವ್ಯವಸ್ಥೆಯನ್ನು ಬಿಟ್ಟು. 1743ರಲ್ಲಿ ವೆಸ್ಲಿ ಸಹೋದರರು ಪ್ರಕಟಿಸಿದ ನಿಯಮಗಳ ಪ್ರಕಾರ ಮೆಥಡಿಸ್ಟ್ ಸಂಘ ಸೇರಲು ಒಂದೇ ಷರತ್ತು: ಬರಲಿರುವ ಕೋಪದಿಂದ ತಪ್ಪಿಸಿಕೊಳ್ಳುವ, ಪಾಪದಿಂದ ಬಿಡುಗಡೆ ಹೊಂದುವ ಬಯಕೆ. ಸೇರಿದವನನ್ನು ಸುಮಾರು 12 ಜನರ ಒಂದು ‘ಕ್ಲಾಸ್’ಗೆ ಹಾಕುತ್ತಿದ್ದರು. ಅದರ ನಾಯಕ ವಾರಕ್ಕೊಮ್ಮೆ ಪ್ರತಿಯೊಬ್ಬನನ್ನೂ ಕಂಡು ಹೇಗಿದ್ದೀಯ ಎಂದು ವಿಚಾರಿಸಬೇಕು, ಬಡವರಿಗಾಗಿ ಕೈಲಾದಷ್ಟು ಕಾಣಿಕೆ ಎತ್ತಬೇಕು. ವಾಡಿಕೆಯಲ್ಲಿ ಅದು ತಲಾ ಒಂದು ಪೆನ್ನಿ. ಬಯಲಿನಲ್ಲಿ ಹೆದರಿದವನಿಗೆ ಆ ವಾರವೇ ಕೂರಲು ಒಂದು ಜಾಗ, ಕೇಳಲು ಒಂದು ಕಿವಿ ಇತ್ತು. ಬೋಧಕನೂ ಅದೇ ಊರಿಗೆ ಸುತ್ತು ಹೊಡೆದು ಮತ್ತೆ ಬರುತ್ತಿದ್ದ. ಮೊದಲು ಎಚ್ಚರಿಕೆ, ಆಮೇಲೆ ಕೃಪೆ ಎಂಬುದರ ‘ಆಮೇಲೆ’ಗೆ ವಾರಗಳು, ತಿಂಗಳುಗಳು ಇದ್ದವು.

ಅಮೆರಿಕದಲ್ಲಿ ಪಾದ್ರಿ ಜೊನಾಥನ್ ಎಡ್ವರ್ಡ್ಸ್ 1741ರ ಜುಲೈ 8ರಂದು ಎನ್‌ಫೀಲ್ಡ್‌ನಲ್ಲಿ ದೇವರ ಕೋಪದ ಬಗ್ಗೆ ಮಾಡಿದ ಪ್ರಸಂಗವನ್ನು ಬೀದಿ ಬೋಧಕರು ಆಗಾಗ ನೆನೆಯುತ್ತಾರೆ. ಅದು ನಡೆದದ್ದು ನಾಲ್ಕು ಗೋಡೆಗಳೊಳಗೆ, ಸತ್ಯವೇದ ಬಲ್ಲ ಜನರ ಮುಂದೆ, ಕೂಗಾಟವಿಲ್ಲದ ದನಿಯಲ್ಲಿ. ಆ ಮಾತನ್ನಷ್ಟೇ ಎತ್ತಿ ಬಸ್ ನಿಲ್ದಾಣಕ್ಕೆ ತಂದರೆ ಉಳಿಯುವುದು ಕಿರುಚಾಟ.

ಹತ್ತೊಂಬತ್ತನೇ ಶತಮಾನದಲ್ಲಿ ಎರಡೂ ತುದಿ ಮುಟ್ಟಿ ಬಂದವನು ಷಿಕಾಗೋದ ಸುವಾರ್ತಾ ಬೋಧಕ ಡಿ. ಎಲ್. ಮೂಡಿ. 1860ರ ದಶಕದ ಕೊನೆಗೆ ಹೆನ್ರಿ ಮೂರ್‌ಹೌಸ್ ಎಂಬ ಇಂಗ್ಲಿಷ್ ಯುವಕ ಮೂಡಿಯ ಸಭೆಯಲ್ಲಿ ರಾತ್ರಿ ಮೇಲೆ ರಾತ್ರಿ ಯೋಹಾನ 3:16 ಒಂದನ್ನೇ ಬೋಧಿಸಿದ. ಅಲ್ಲಿಯವರೆಗೆ ಪಾಪಿಯ ಹಿಂದೆ ಖಡ್ಗ ಹಿಡಿದ ದೇವರನ್ನು ಬೋಧಿಸುತ್ತಿದ್ದ ಮೂಡಿ ಅಂದಿನಿಂದ ಪ್ರೀತಿಯ ಕಡೆ ತಿರುಗಿದ. ಆದರೆ 1871ರ ಅಕ್ಟೋಬರ್ 8ರ ಭಾನುವಾರ, ಯೇಸುವನ್ನು ಏನು ಮಾಡುತ್ತೀರಿ ಎಂದು ಕೇಳಿ, ವಾರ ಬಿಟ್ಟು ಉತ್ತರ ತನ್ನಿ ಎಂದು ಜನರನ್ನು ಮನೆಗೆ ಕಳಿಸಿದ. ಅದೇ ರಾತ್ರಿ ಷಿಕಾಗೋ ಹೊತ್ತಿ ಉರಿಯಿತು. ಆ ಸಭೆ ಮತ್ತೆ ಸೇರಲಿಲ್ಲ. ಗಡುವು ಕೊಟ್ಟದ್ದು ತನ್ನ ದೊಡ್ಡ ತಪ್ಪು ಎಂದು ಅವನು ಮುಂದೆ ಹೇಳುತ್ತಿದ್ದ. ಪ್ರೀತಿಯ ಬೋಧಕನಿಗೂ ತುರ್ತು ಬೇಕೆಂಬ ವಾದಕ್ಕೆ ಇಂದಿಗೂ ಕೊಡುವ ಉದಾಹರಣೆ ಇದು.

ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ 1865ರಲ್ಲಿ ಶುರುವಾಗಿ 1878ರಲ್ಲಿ ಸಾಲ್ವೇಶನ್ ಆರ್ಮಿ ಎಂಬ ಹೆಸರು ತಳೆದ ಬೂತ್ ದಂಪತಿಯ ಚಳವಳಿ ನರಕದ ಮಾತನ್ನು ಮೆದು ಮಾಡಲಿಲ್ಲ; ಬದಲು ಅದರ ಜೊತೆಗೆ ಊಟ, ತಂಗುದಾಣ ಇಟ್ಟಿತು. ಹಿಂದೆ ಕ್ಲಾಸ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಅನ್ನ ಮಾಡಿತು.

ಇನ್ನು ಕಸುಬಿನ ಮಾತು. ಬೀದಿ ಬೋಧನೆಗೆ ಪ್ರಾಯೋಗಿಕ ಸಲಹೆ ಬರೆದವರಲ್ಲಿ ಲಂಡನ್ನಿನ ಹತ್ತೊಂಬತ್ತನೇ ಶತಮಾನದ ಬೋಧಕ ಸ್ಪರ್ಜನ್ ಇಂದಿಗೂ ಉಪಯುಕ್ತ: ಗಾಳಿಗೆ ಎದುರಾಗಿ ಮಾತಾಡಬೇಡಿ, ಎಲೆ ಸದ್ದು ಮಾಡುವ ಪಾಪ್ಲರ್ ಮರಗಳ ಕೆಳಗೆ ನಿಲ್ಲಬೇಡಿ. ಬೆನ್ನಿಗೆ ಗೋಡೆಯಿದ್ದರೆ ದನಿ ಮುಂದಕ್ಕೆ ಹೋಗುತ್ತದೆ. ಜೊತೆಯವರು ಮೂರು ನಾಲ್ಕು ಜನ ಎದುರಿಗೆ ಕೇಳುಗರಾಗಿ ನಿಲ್ಲಬೇಕು. ಬೋಧಕನ ಅಕ್ಕಪಕ್ಕ ಸಾಲಾಗಿ ನಿಂತರೆ ಅದು ಧರಣಿಯಂತೆ ಕಾಣುತ್ತದೆ, ಜನ ದಾಟಿ ಹೋಗುತ್ತಾರೆ.

ಈಗ ಲೆಕ್ಕ ಹಾಕಿ ನೋಡಿ. ಪೇಟೆಯ ಗದ್ದಲದಲ್ಲಿ ಬರಿಗಂಟಲಿನ ಮಾತು ಎರಡೂ ಕಡೆ 20 ಮೀಟರ್ ತಿಳಿಯುವಂತೆ ಕೇಳಿಸಿತು ಅಂದುಕೊಳ್ಳೋಣ. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆಯುವವನು ಆ 40 ಮೀಟರ್ ದಾಟಲು ಬೇಕಾದದ್ದು ಅರ್ಧ ನಿಮಿಷಕ್ಕೂ ತುಸು ಕಡಿಮೆ. ಹತ್ತು ನಿಮಿಷದ ಪ್ರಸಂಗದಲ್ಲಿ ಮೊದಲ ಆರು ನಿಮಿಷ ನ್ಯಾಯತೀರ್ಪು, ಕೊನೆಯ ನಾಲ್ಕು ನಿಮಿಷ ಪ್ರೀತಿ ಎಂದು ಹಂಚಿದರೆ ಹಾದುಹೋಗುವವರಲ್ಲಿ ಬಹುಪಾಲು ಜನರಿಗೆ ಬರೀ ಶಾಪ, ಉಳಿದವರಿಗೆ ಬರೀ ಓಲೈಕೆ ಕೇಳಿಸುತ್ತದೆ. ಎರಡನ್ನೂ ಕೇಳುವವರು ನಿಂತ ಕೆಲವರು ಮಾತ್ರ. ವೆಸ್ಲಿಯ ಕ್ರಮ ಕಾಲುದಾರಿಯ ಮೇಲೆ ಮುರಿದುಬೀಳುವುದು ಇಲ್ಲಿ. ಹಾಗಾಗಿ ಅನುಭವಸ್ಥರು ಪ್ರಸಂಗವನ್ನು ಎರಡೆರಡು ನಿಮಿಷದ ಸುತ್ತುಗಳಾಗಿ ಒಡೆಯುತ್ತಾರೆ. ಪ್ರತಿ ಸುತ್ತಿನಲ್ಲೂ ತಪ್ಪು, ಅದರ ತೀರ್ಪು, ಶಿಲುಬೆ, ಕರೆ ನಾಲ್ಕೂ ಬರಬೇಕು. ಎಚ್ಚರಿಕೆಯ ವಾಕ್ಯವನ್ನು ಅದರ ಬಿಡುಗಡೆಯ ವಾಕ್ಯಕ್ಕೆ ಅಂಟಿಸಿಯೇ ಹೇಳಬೇಕು. ‘ನೀವು’ ಎಂಬಲ್ಲಿ ‘ನಾವು’ ಎಂದರೆ ಅರ್ಧ ಜಗಳ ಕಮ್ಮಿ. ಯಾರೋ ಒಂದು ವರ್ಗದವರ ಪಾಪವನ್ನಷ್ಟೇ ಹೆಸರಿಸಿದರೆ ಉಳಿದವರಿಗೆ ತಮ್ಮದಲ್ಲವೆಂಬ ನೆಮ್ಮದಿ, ಆ ವರ್ಗಕ್ಕೆ ಅವಮಾನ. ಎಚ್ಚರಿಕೆ ಯಾರಿಗೂ ತಲುಪುವುದಿಲ್ಲ.

ಧ್ವನಿವರ್ಧಕ ಈ ತೊಂದರೆಯನ್ನು ಬಗೆಹರಿಸುತ್ತದೆ ಎಂಬುದು ಭ್ರಮೆ. ಕೇಳುವ ದೂರ ಹೆಚ್ಚುತ್ತದೆ ನಿಜ, ಆದರೆ ಮುಖ ಕಾಣದ ದೂರದಿಂದ ಬರುವ ನ್ಯಾಯತೀರ್ಪಿನ ಮಾತು ಬೈಗುಳವಾಗಿಯೇ ಕೇಳಿಸುತ್ತದೆ. ಫಲಕಗಳದ್ದು ಇನ್ನೂ ಕಷ್ಟ. ಎರಡು ಮೂರು ಸೆಕೆಂಡಿನಲ್ಲಿ ಓದಿಸಿಕೊಳ್ಳುವ ಫಲಕದಲ್ಲಿ ಒಂದು ಅರ್ಧಕ್ಕೆ ಮಾತ್ರ ಜಾಗ.

ಇದಕ್ಕೆ ಉತ್ತರವಾಗಿ ಬಂದದ್ದು ಚಿತ್ರ. 1892ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ ಓಪನ್ ಏರ್ ಕ್ಯಾಂಪೇನರ್ಸ್ ಸಂಸ್ಥೆಯವರು ಬಣ್ಣ, ಕುಂಚ, ಹಲಗೆ ಬಳಸುತ್ತಾರೆ. ಅಕ್ಷರಗಳ ಕೆಲವು ಗೆರೆಗಳನ್ನಷ್ಟೇ ಮೊದಲು ಎಳೆದಿಟ್ಟರೆ ಪದ ಏನೆಂದು ತಿಳಿಯುವ ಕುತೂಹಲಕ್ಕೆ ಜನ ನಿಲ್ಲುತ್ತಾರೆ. ತಡವಾಗಿ ಬಂದವನಿಗೂ ಹಿಂದೆ ಹೇಳಿದ್ದು ಹಲಗೆಯ ಮೇಲೆ ಕಾಣುತ್ತಿರುತ್ತದೆ. ನಮ್ಮ ಕರಾವಳಿಗೆ ಚಿತ್ರ ತೋರಿಸಿ ಬೋಧಿಸುವ ಕ್ರಮ ಅದಕ್ಕೂ ಮೊದಲೇ ಬಂದಿತ್ತು. 1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಮೊದಲ ಮೂವರಲ್ಲಿ ಒಬ್ಬನಾದ, ಮುಂದೆ ಕಣ್ಣೂರಿನಲ್ಲಿ ನೆಲೆಸಿದ ಸಾಮ್ಯುಯೆಲ್ ಹೆಬಿಕ್ ಬಳಸುತ್ತಿದ್ದ ಹೃದಯದ ಚಿತ್ರಮಾಲೆಯಲ್ಲಿ ಪಾಪಿಯ ಹೃದಯದೊಳಗೆ ಅಹಂಕಾರಕ್ಕೆ ನವಿಲು, ಹೊಟ್ಟೆಬಾಕತನಕ್ಕೆ ಹಂದಿ, ಅಸೂಯೆಗೆ ಹಾವು ಕೂತಿರುತ್ತವೆ. ಮುಂದಿನ ಚಿತ್ರಗಳಲ್ಲಿ ಬೆಳಕು ಒಳಹೊಕ್ಕು ಅವು ಹೊರಬೀಳುತ್ತವೆ. ಆದರೆ ಅದೇ ಹೆಬಿಕ್ ದೇವಸ್ಥಾನದ ಉತ್ಸವಗಳಿಗೇ ಹೋಗಿ ನಿಂತು ಖಂಡಿಸಿ ಕಲ್ಲೇಟು ತಿಂದವನು. ಭಕ್ತಿಯಿಂದ ಸೇರಿದ ಜನರ ನಡುವೆ ಖಂಡನೆಯ ಮಾತಿಗೆ ಬೇರೆ ಉತ್ತರ ಸಿಗುವುದು ಕಷ್ಟವಿತ್ತು.

ಕಾನೂನು ಈ ಪ್ರಶ್ನೆಯನ್ನು ಎರಡು ದೇಶಗಳಲ್ಲಿ ಎರಡು ರೀತಿ ನೋಡಿದೆ. ಇಂಗ್ಲೆಂಡಿನಲ್ಲಿ 1882ರ ಬೀಟಿ ವಿರುದ್ಧ ಗಿಲ್‌ಬ್ಯಾಂಕ್ಸ್ ಪ್ರಕರಣ, ಎದುರಾಳಿಗಳು ಗಲಾಟೆ ಮಾಡುತ್ತಾರೆಂದು ಸಾಲ್ವೇಶನ್ ಆರ್ಮಿಯ ಮೆರವಣಿಗೆಯನ್ನೇ ಅಕ್ರಮ ಎನ್ನಲಾಗದು ಎಂದಿತು. ವೇಕ್‌ಫೀಲ್ಡ್ ಕ್ಯಾಥೆಡ್ರಲ್ ಮೆಟ್ಟಿಲ ಮೇಲೆ ಬೋಧಿಸಿದ ಮಹಿಳೆಯ ಪ್ರಕರಣದಲ್ಲಿ 1999ರ ತೀರ್ಪು, ಯಾರಿಗೂ ನೋಯದ ಮಾತಿಗಷ್ಟೇ ಸ್ವಾತಂತ್ರ್ಯವೆಂದರೆ ಅದಕ್ಕೆ ಬೆಲೆಯಿಲ್ಲ ಎಂದು ಇನ್ನೂ ಮುಂದೆ ಹೋಯಿತು. ಎಂದರೆ ಅಲ್ಲಿ ನೋಡುವುದು ಸಾರ್ವಜನಿಕ ಶಾಂತಿಯನ್ನು. ನರಕದ ಮಾತಿನ ಹೂರಣ ನ್ಯಾಯಾಲಯದ ತಲೆನೋವಲ್ಲ.

ಭಾರತದಲ್ಲಿ ಆ ಹೂರಣವೇ ಕಾನೂನಿನೊಳಗೆ ಬಂತು. ಒಡಿಶಾದ 1967ರ ಮತ್ತು ಮಧ್ಯಪ್ರದೇಶದ 1968ರ ಕಾಯ್ದೆಗಳು ಮತಾಂತರದಲ್ಲಿನ ‘ಬಲಪ್ರಯೋಗ’ದ ವ್ಯಾಖ್ಯೆಯಲ್ಲಿ ದೈವಕೋಪದ ಬೆದರಿಕೆಯನ್ನೂ ಸೇರಿಸಿದವು. 1977ರಲ್ಲಿ, ಈ ಕಾಯ್ದೆಗಳನ್ನು ಪ್ರಶ್ನಿಸಿದ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ಎತ್ತಿಹಿಡಿಯಿತು: ಸಂವಿಧಾನದ 25ನೇ ವಿಧಿ ಕೊಡುವುದು ತನ್ನ ಧರ್ಮದ ತತ್ವಗಳನ್ನು ವಿವರಿಸಿ ಪ್ರಸಾರ ಮಾಡುವ ಹಕ್ಕು, ಮತಾಂತರಿಸುವ ಹಕ್ಕಲ್ಲ. ಕರ್ನಾಟಕದ 2022ರ ಕಾಯ್ದೆ ದೈವದ ಅಸಮಾಧಾನವನ್ನು ‘ಆಮಿಷ’ದ ವ್ಯಾಖ್ಯೆಯಲ್ಲಿ ಇಟ್ಟಿತು, ವಿಚಿತ್ರವಾಗಿ, ಒಂದು ಧರ್ಮದ ಆಚರಣೆಯನ್ನು ಇನ್ನೊಂದರ ಎದುರು ಕೀಳಾಗಿ ತೋರಿಸುವುದನ್ನೂ ಅಲ್ಲೇ ಸೇರಿಸಿತು. ಅದನ್ನು ಹಿಂಪಡೆಯಲು ರಾಜ್ಯ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಮೈಕ್ ಹಚ್ಚುವವರಿಗೆ 2000ದ ಶಬ್ದಮಾಲಿನ್ಯ ನಿಯಮಗಳು ಬೇರೆ: ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಹಚ್ಚುವಂತಿಲ್ಲ, ಹಗಲಿನ ಮಿತಿ ವಸತಿ ಪ್ರದೇಶದಲ್ಲಿ 55 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 65. ವಾಹನಗಳ ಸದ್ದೇ ಆ ಮಿತಿಯನ್ನು ಮೀರಿರುವ ಪೇಟೆಬೀದಿಯಲ್ಲಿ, ನಿಯಮ ಪಾಲಿಸುವ ಬೋಧಕನಿಗೆ ಉಳಿಯುವುದು ಹತ್ತಿರ ನಿಂತವನೊಡನೆ ಆಡುವ ಮಾತು. ಅಲ್ಲಿ ಕೇಳುಗ ತಿರುಗಿ ಪ್ರಶ್ನೆ ಕೇಳುತ್ತಾನೆ. ಪ್ರೀತಿ ಮೊದಲೋ ತೀರ್ಪು ಮೊದಲೋ ಎಂಬುದು ಆಗ ಆ ಪ್ರಶ್ನೆಯ ಮೇಲೆ ನಿಲ್ಲುತ್ತದೆ.