ಗಾಯ ತುಂಬಿತು, ಆದರೆ ಮುಚ್ಚಲಿಲ್ಲ: ಎದ್ದ ಮಾಂಸದ ಹಿಂದಿನ ಕಥೆ

ಮುಂಬಯಿಯ ಡ್ರೆಸ್ಸಿಂಗ್ ರೂಮುಗಳಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ಮಾಟುಂಗಾ, ದಾದರ್ ಕಡೆಯ ಹೋಟೆಲುಗಳಿಂದ ಬರುತ್ತಿದ್ದ ನಮ್ಮ ಉಡುಪಿ, ಕುಂದಾಪುರದ ಹುಡುಗರ ದೂರು ಹೆಚ್ಚಾಗಿ ಒಂದೇ. "ಸಿಸ್ಟರ್, ಗಾಯ ತುಂಬಿ ಬಂತು ಮಾರಾಯ್ರೆ, ಮುಚ್ಚುದೇ ಇಲ್ಲ." ಪಟ್ಟಿ ಬಿಚ್ಚಿದರೆ ಕೆಂಪಗೆ, ಒದ್ದೆಯಾಗಿ, ಚರ್ಮದ ಮಟ್ಟಕ್ಕಿಂತ ಮೇಲೆ ಎದ್ದ ಮಾಂಸ. ಹತ್ತಿ ತಾಗಿದರೆ ಸಾಕು, ರಕ್ತ. ನೋವು ಮಾತ್ರ ಅಷ್ಟಾಗಿ ಇರುವುದಿಲ್ಲ.

ಊರಿನ ಹಿರಿಯರು ಇದನ್ನು ದುರ್ಮಾಂಸ ಎನ್ನುತ್ತಾರೆ. ಡಾಕ್ಟರು ಹೈಪರ್‌ಗ್ರಾನ್ಯುಲೇಷನ್ ಎಂದು ಬರೆಯುತ್ತಾರೆ. ಸಲಹೆಗಳೂ ಬಗೆಬಗೆ. ಒಬ್ಬರು ಸುಡಬೇಕು ಎನ್ನುತ್ತಾರೆ, ಇನ್ನೊಬ್ಬರು ಮುಟ್ಟಲೇಬೇಡಿ ಎನ್ನುತ್ತಾರೆ. ಗಾಳಿಗೆ ಬಿಡಿ ಅಂತ ಒಬ್ಬರು, ಗಾಳಿ ಆಡಬಾರದು ಅಂತ ಮತ್ತೊಬ್ಬರು. ಇವು ಬೇರೆ ಬೇರೆ ಕಾಲದಲ್ಲಿ ಹುಟ್ಟಿದ ಮಾತುಗಳು. ಈಗ ಒಟ್ಟಿಗೆ ಕಿವಿಗೆ ಬೀಳುತ್ತವೆ, ಹಾಗಾಗಿ ಗೊಂದಲ.

ಗಾಯ ಮಾಯುವಾಗ ತಳದಿಂದ ಹೊಸ ಮಾಂಸ ರವೆ ರವೆಯಾಗಿ ಏಳುತ್ತದೆ. ಅದರ ತುಂಬ ಎಳೆಯ ರಕ್ತನಾಳಗಳು. ಗುಂಡಿ ತುಂಬಿದ ಮೇಲೆ ಅದು ನಿಲ್ಲಬೇಕು. ಆಗ ಅಂಚಿನ ಚರ್ಮ ಸುತ್ತಲಿಂದ ತೆವಳಿ ಬಂದು ಮೇಲೆ ಹೊದಿಕೆ ಹಾಕುತ್ತದೆ. ಮಾಂಸ ನಿಲ್ಲದೆ ಗುಡ್ಡೆಯಾದರೆ ಚರ್ಮಕ್ಕೆ ಹತ್ತಲು ಆಗುವುದಿಲ್ಲ. ಗಾಯ ಅಲ್ಲೇ ಕೂತುಬಿಡುತ್ತದೆ.

ಇದು ಹೊಸ ತೊಂದರೆ ಅಲ್ಲ. ಸುಶ್ರುತ ಸಂಹಿತೆ ಗಾಯಕ್ಕೆ 60 ಬಗೆಯ ಉಪಚಾರ ಹೇಳುತ್ತದೆ. ತಗ್ಗಾದದ್ದನ್ನು ಏರಿಸುವುದು ಉತ್ಸಾದನ, ಎದ್ದದ್ದನ್ನು ಇಳಿಸುವುದು ಅವಸಾದನ. ಇಳಿಸುವ ಮದ್ದುಗಳಲ್ಲಿ ಅನ್ನಭೇದಿ ಎಂಬ ಕಬ್ಬಿಣದ ಲವಣವೂ ಇದೆ, ಸೈಂಧವ ಉಪ್ಪೂ ಇದೆ. ಆಮೇಲೆ ಶತಮಾನಗಟ್ಟಲೆ, ಇಲ್ಲೂ ಯುರೋಪಿನಲ್ಲೂ, ಸುಡುವ ಲವಣಗಳದ್ದೇ ಆಳ್ವಿಕೆ. ಕುದುರೆಗಳಿಗೂ ಮೈಲುತುತ್ತ ಹಚ್ಚುತ್ತಿದ್ದರು. ಕುದುರೆಯ ಮೊಣಕಾಲಿನ ಕೆಳಗೆ ಗಾಯವಾದರೆ ಮಾಂಸ ಉಕ್ಕುವುದು ತುಂಬಾ ಸಾಮಾನ್ಯ.

ಮನುಷ್ಯರಿಗೆ ಉಳಿದುಕೊಂಡದ್ದು ಸಿಲ್ವರ್ ನೈಟ್ರೇಟ್. ಬೆಂಕಿಕಡ್ಡಿಯಂಥ ಕಡ್ಡಿ. ಅದರ ತುದಿಯಲ್ಲಿ ಸಾಮಾನ್ಯವಾಗಿ 75 ಭಾಗ ಸಿಲ್ವರ್ ನೈಟ್ರೇಟ್, 25 ಭಾಗ ಪೊಟ್ಯಾಸಿಯಂ ನೈಟ್ರೇಟ್. ಒದ್ದೆ ಮಾಂಸಕ್ಕೆ ತಾಗಿಸಿದರೆ ಮೇಲ್ಪದರ ಬೂದುಬಿಳಿಯಾಗಿ ಸಾಯುತ್ತದೆ, ಆಮೇಲೆ ಕಪ್ಪಾಗುತ್ತದೆ. ಸುತ್ತಲಿನ ಒಳ್ಳೆ ಚರ್ಮಕ್ಕೆ ಮೊದಲೇ ವ್ಯಾಸಲೀನ್ ಸವರಬೇಕು. ಕಡ್ಡಿಯ ಮದ್ದು ಅಲ್ಲಿಗೆ ಹರಿದರೆ ಸಲೈನಿನಿಂದ, ಅಂದರೆ ಉಪ್ಪುನೀರಿನಿಂದ, ತೊಳೆಯಬೇಕು, ಉಪ್ಪು ತಾಗಿದರೆ ಅದರ ಉರಿ ಅಡಗುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಕಲಿತದ್ದು ಇದನ್ನೇ. ಮಾಂಸ ಎದ್ದಿದೆಯಾ, ಕಡ್ಡಿ ತನ್ನಿ.

ಆದರೆ ಅಷ್ಟರಲ್ಲಿ ಇನ್ನೊಂದು ಬದಲಾವಣೆ ನಡೆದುಹೋಗಿತ್ತು. 1962ರಲ್ಲಿ ಬ್ರಿಟನ್ನಿನ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ತೆಳ್ಳನೆಯ ಗಾಯಗಳು. ಕೆಲವನ್ನು ಗಾಳಿಗೆ ಬಿಟ್ಟರು, ಕೆಲವನ್ನು ಪಾಲಿಥಿನ್ ಹಾಳೆಯಿಂದ ಮುಚ್ಚಿದರು. ಮುಚ್ಚಿ ತೇವವಾಗಿಟ್ಟ ಗಾಯದಲ್ಲಿ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹರಡಿತು. ಗಾಯ ಒಣಗಬೇಕು, ಹಕ್ಕಳೆ ಕಟ್ಟಬೇಕು ಎಂಬ ನಂಬಿಕೆ ಅಲ್ಲಿಂದ ಅಲುಗಾಡಿತು. ಮುಂದಿನ ದಶಕಗಳಲ್ಲಿ ಗಾಯವನ್ನು ತೇವವಾಗಿಡುವ ಹೊಸ ಡ್ರೆಸ್ಸಿಂಗುಗಳು, ಫಿಲ್ಮ್, ಹೈಡ್ರೊಕೊಲಾಯ್ಡ್, ಜೆಲ್, ಫೋಮ್ ಬಂದವು. ನಮ್ಮ ರೂಮಿಗೂ ಒಂದೊಂದಾಗಿ ಬಂದವು. ಗಾಜ್ ಬಟ್ಟೆ ಕಿತ್ತಾಗ ಹೊಸ ಚರ್ಮ ಅಂಟಿಕೊಂಡು ಬರುತ್ತಿದ್ದ ಹಿಂಸೆ ಕಡಿಮೆಯಾಯಿತು. ಅದು ನಿಜವಾದ ಲಾಭ, ನಾನೇ ನೋಡಿದ್ದೇನೆ.

ಜೊತೆಗೇ ಉಕ್ಕಿದ ಮಾಂಸವೂ ಕಾಣಿಸತೊಡಗಿತು. ಗಾಯ ತುಂಬುವವರೆಗೆ ಬೇಕಾದ ತೇವ, ತುಂಬಿದ ಮೇಲೂ ಹಾಗೇ ಉಳಿದರೆ ಮಾಂಸ ಬೆಳೆಯುತ್ತಲೇ ಹೋಗುತ್ತದೆ. ಡ್ರೆಸ್ಸಿಂಗ್ ಬದಲಾಗಬೇಕಿತ್ತು, ಬದಲಾಗುತ್ತಿರಲಿಲ್ಲ. ಮೊದಲ ದಿನ ಚೀಟಿಯಲ್ಲಿ ಬರೆದದ್ದೇ ತಿಂಗಳುಗಟ್ಟಲೆ ನಡೆಯುತ್ತಿತ್ತು. ಡ್ಯೂಟಿ ಬದಲಾದಂತೆ ನೋಡುವ ಕಣ್ಣು ಬದಲಾಗುತ್ತಿತ್ತು, ಚೀಟಿ ಮಾತ್ರ ಹಾಗೇ ಉಳಿಯುತ್ತಿತ್ತು.

ನಮ್ಮ ಹೋಟೆಲ್ ಹುಡುಗರ ಕಥೆ ಇನ್ನೂ ಬೇರೆ. ಪಾತ್ರೆ ತೊಳೆಯುವ ಜಾಗದಲ್ಲಿ ನೆಲ ಯಾವಾಗಲೂ ಒದ್ದೆ. ಜೂನ್ ಬಂತೆಂದರೆ ರಸ್ತೆಯೂ ಒದ್ದೆ. ಪಟ್ಟಿ ನೆನೆಯಬಾರದು ಎಂದು ಹಾಲಿನ ಖಾಲಿ ಪ್ಯಾಕೆಟ್ ಕಾಲಿಗೆ ಸುತ್ತಿ, ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುತ್ತಿದ್ದರು. ದಿನವಿಡೀ ಒಳಗೆ ಬೆವರು, ಮೇಲೆ ಚಪ್ಪಲಿಯ ಉಜ್ಜಾಟ. ವಿಂಟರ್ ಬಳಸಿದ್ದೂ ಪಾಲಿಥಿನ್ನೇ, ಅಲ್ವಾ? ಆದರೆ ಅದು ಹೊಸ, ಸ್ವಚ್ಛ, ತೆಳ್ಳನೆಯ ಗಾಯ. ಇದು ಹಳೆಯ, ಆಳದ, ದಿನಾ ಉಜ್ಜುವ ಗಾಯ. ಇಂಥ ಕಾಲಿಗೆ ಎಷ್ಟು ಸಲ ಕಡ್ಡಿ ಮುಟ್ಟಿಸಿದರೂ ಮಾಂಸ ಮತ್ತೆ ಏಳುತ್ತಿತ್ತು. ಸುಟ್ಟದ್ದೂ ಒಂದು ಗಾಯವೇ. ಪದೇ ಪದೇ ಸುಟ್ಟರೆ ಉರಿಯೂತ ಆರುವುದಾದರೂ ಯಾವಾಗ?

ಈಗ ಹೆಚ್ಚಿನ ಕಡೆ ಮೊದಲು ಕಾರಣ ಹುಡುಕುತ್ತಾರೆ. ಕೀವು ಇದೆಯಾ, ಒಳಗೆ ಹೊಲಿಗೆ ದಾರವೋ ಉಗುರಿನ ಚೂರೋ ಉಳಿದಿದೆಯಾ, ಎಲ್ಲಿ ಉಜ್ಜುತ್ತಿದೆ, ತೇವ ಜಾಸ್ತಿಯೇ. ಆಮೇಲೆ ಮುಚ್ಚಿ ಕೂರುವ ಡ್ರೆಸ್ಸಿಂಗ್ ಬಿಟ್ಟು, ನೀರು ಹೀರುವ ಫೋಮ್ ಇಟ್ಟು, ಹಿತವಾಗಿ ಒತ್ತಿ ಕಟ್ಟುತ್ತಾರೆ. ಕಾಲಿಗೆ ರಕ್ತದ ಹರಿವು ಕಡಿಮೆ ಇರುವವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆಯವರಿಗೆ, ಪರೀಕ್ಷೆ ಮಾಡದೆ ಒತ್ತಿ ಕಟ್ಟುವಂತಿಲ್ಲ. ಗಟ್ಟಿ ಉಪ್ಪುನೀರಿನ ಡ್ರೆಸ್ಸಿಂಗ್ ಇನ್ನೊಂದು ದಾರಿ. ಸ್ಟೀರಾಯ್ಡ್ ಮುಲಾಮು ಮತ್ತೊಂದು, ಅದೂ ಸೋಂಕು ಇಲ್ಲ ಎಂದು ಖಾತ್ರಿಯಾದ ಮೇಲೆ, ಕೆಲವೇ ದಿನ. ಕಡ್ಡಿಯೂ ಇದೆ, ಬ್ಲೇಡಿನಿಂದ ಹೆರೆಯುವುದೂ ಇದೆ. ಇವುಗಳಲ್ಲಿ ಯಾವುದು ಮೇಲು ಎಂದು ಹೇಳುವಷ್ಟು ದೊಡ್ಡ ಪರೀಕ್ಷೆಗಳು ನಡೆದಿಲ್ಲ. ಅದಕ್ಕೇ ಆಸ್ಪತ್ರೆಗೊಂದು ರೀತಿ.

1980ರಲ್ಲಿ ಹೊಟ್ಟೆಗೆ ಎಂಡೋಸ್ಕೋಪ್ (ಒಳಗೆ ನೋಡುವ ಕೊಳವೆ) ಮೂಲಕ ಊಟದ ನಳಿಕೆ ಹಾಕುವ ವಿಧಾನ ಪ್ರಕಟವಾದ ಮೇಲೆ ಇಂಥ ರೋಗಿಗಳ ಇನ್ನೊಂದು ಗುಂಪು ಸೇರಿತು. ನಳಿಕೆ ಅಲುಗಾಡುವ ಕಡೆ ಸುತ್ತಲೂ ಮಾಂಸ ಏಳುತ್ತದೆ. ಅಲ್ಲಿ ಮೊದಲ ಮದ್ದು ನಳಿಕೆಯನ್ನು ಅಲುಗದಂತೆ ಕೂರಿಸುವುದು. ಹಸುಗೂಸಿನ ಹೊಕ್ಕುಳಲ್ಲಿ ಏಳುವ ಕೆಂಪು ಗುಳ್ಳೆಯೂ ಇದೇ ಜಾತಿ. ಅದಕ್ಕೆ ಅಡುಗೆ ಉಪ್ಪಿನ ಚಿಟಿಕೆ ಇಡುವುದನ್ನು ಈಗ ಮಕ್ಕಳ ಡಾಕ್ಟರೂ ಹೇಳಿಕೊಡುತ್ತಾರೆ. ಉಪ್ಪು ನೀರು ಎಳೆದುಕೊಂಡು ಮಾಂಸ ಬಾಡುತ್ತದೆ. ಆದರೆ ಗುಳ್ಳೆ ಅದೇ ಹೌದೋ ಅಲ್ಲವೋ ಎಂದು ಮೊದಲು ತೋರಿಸಿಕೊಳ್ಳಬೇಕು.

ಕೀಲಾಯ್ಡ್ ಇದಲ್ಲ. ಅದು ಚರ್ಮ ಮುಚ್ಚಿದ ಮೇಲೆ ಬೆಳೆಯುವ ಗಟ್ಟಿ ಕಲೆ. ಕ್ಯಾನ್ಸರ್ ಕೂಡ ಎದ್ದ ಮಾಂಸದ ವೇಷದಲ್ಲಿ ಬರಬಹುದು. ವರ್ಷಗಟ್ಟಲೆ ಮಾಯದ ಸುಟ್ಟ ಗಾಯದಲ್ಲಿ ಹುಟ್ಟುವ ಹುಣ್ಣನ್ನು 1828ರಲ್ಲಿ ವರ್ಣಿಸಿದ ಫ್ರಾನ್ಸಿನ ಸರ್ಜನ್ ಮಾರ್ಜೊಲಿನ್ ಹೆಸರಲ್ಲೇ ಇಂದಿಗೂ ಕರೆಯುತ್ತಾರೆ. ಕೆಲವು ವಾರ ಸರಿಯಾಗಿ ನೋಡಿಕೊಂಡರೂ ಇಳಿಯದಿದ್ದರೆ, ಅಂಚು ಗಟ್ಟಿಯಾಗಿ ಮಡಚಿಕೊಂಡಿದ್ದರೆ, ಸುಡುವ ಮೊದಲು ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು.

ನನಗೆ ಚೆನ್ನಾಗಿ ನೆನಪಿರುವ ಒಬ್ಬ ಹುಡುಗನಿಗೆ ಐದು ಸಲ ಕಡ್ಡಿ ಮುಟ್ಟಿಸಿದ್ದೆವು. ಆರನೆಯ ಸಲ ಬಂದಾಗ ಡಾಕ್ಟರು ಮಾಲೀಕರಿಗೆ ಫೋನ್ ಮಾಡಿ, ಅವನನ್ನು ತೊಳೆಯುವ ಜಾಗದಿಂದ ಕೂಪನ್ ಕೊಡುವ ಕೌಂಟರಿಗೆ ಹಾಕಿಸಿದರು. ಪ್ಲಾಸ್ಟಿಕ್ ಹೋಯಿತು, ಫೋಮ್ ಬಂತು. ಎರಡು ವಾರದಲ್ಲಿ ಮಾಂಸ ಚರ್ಮದ ಮಟ್ಟಕ್ಕೆ ಇಳಿದಿತ್ತು. ಅಂಚಿನಲ್ಲಿ ತೆಳ್ಳನೆಯ ಗುಲಾಬಿ ಗೆರೆ ಒಳಮುಖವಾಗಿ ಹೊರಟಿತ್ತು.