ದಫ್ತರ ಊರು ಬಿಟ್ಟಿತು, ಕಟ್ಟು ಅಟ್ಟದಲ್ಲೇ ಉಳಿಯಿತು

ಉತ್ತರ ಕನ್ನಡದ ಹಳೆಯ ಸರಕಾರಿ ಕಾಗದ ಹುಡುಕಿ ಹೊರಡುವವರು ಮೊದಲು ಇಸವಿ ಗೊತ್ತುಮಾಡಿಕೊಂಡು ಆಮೇಲೆ ರೈಲಿನ ಟಿಕೆಟ್ ತೆಗೆಯಬೇಕು. 1799ರಲ್ಲಿ ಟಿಪ್ಪು ಮಡಿದ ಮೇಲೆ ಇಂದಿನ ಉತ್ತರ ಕನ್ನಡವೂ ಸೇರಿದ್ದ ಕೆನರಾ ಜಿಲ್ಲೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ ಮದ್ರಾಸಿನ ಆಡಳಿತಕ್ಕೆ ಹೋಯಿತು, ಥಾಮಸ್ ಮನ್ರೋ ಮೊದಲ ಕಲೆಕ್ಟರ್ ಆಗಿ ಬಂದ. 1862ರಲ್ಲಿ ಉತ್ತರದ ಭಾಗವನ್ನು ಮುಂಬೈ ಪ್ರಾಂತಕ್ಕೆ ಕೊಟ್ಟರು, ಕಾರವಾರ ಜಿಲ್ಲಾ ಕೇಂದ್ರವಾಯಿತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಇದೆಲ್ಲಕ್ಕೂ ಮೊದಲು, ಟಿಪ್ಪುವಿನ ತಂದೆ ಹೈದರಾಲಿಯ ದಂಡು ಏರಿಬಂದಾಗ ಸೋಂದೆಯ ಅರಸರು ಗೋವಾಕ್ಕೆ ಹೋಗಿ ನೆಲೆಸಿದ್ದರು, ಅವರ ಪತ್ರವ್ಯವಹಾರವನ್ನು ಪಣಜಿಯಲ್ಲಿ ಹುಡುಕಬೇಕು. ಹೀಗೆ ಒಂದೇ ಜಿಲ್ಲೆಯ ಕತೆ ಚೆನ್ನೈ, ಮುಂಬೈ, ಪಣಜಿ, ಬೆಂಗಳೂರು ಎಂದು ಹಂಚಿಹೋಗಿದೆ. ಆಳುವವರು ಬದಲಾದ ಹಾಗೆ ಮೇಲಿನ ಕಚೇರಿಯ ದಫ್ತರವೂ ಊರು ಬದಲಿಸಿತು.

ಜಾಗ ಬಿಟ್ಟು ಕದಲದೆ ಉಳಿದದ್ದು ಮನೆಗಳ ಅಟ್ಟದ ಮೇಲಿನ, ನಾಗೊಂದಿಗೆಯ ಮೇಲಿನ ಕಟ್ಟುಗಳು. ಅವುಗಳಲ್ಲಿ ಹಳೆಯವೆಂದರೆ ತಾಳೆಗರಿಗಳು, ಕಡತಗಳು. ಈಗ ಕಡತ ಎಂದರೆ ಸರಕಾರಿ ಫೈಲು, ಮೂಲದಲ್ಲಿ ಅದು ಬಟ್ಟೆ. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಯ ಎರಡೂ ಬದಿಗೆ ಬಳಿದು ಒಣಗಿಸಿ, ಹಿಂದುಮುಂದಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಲೆಕ್ಕ ತಪ್ಪಿದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಇವತ್ತು ಅದೇ ಗುಣ ಅದಕ್ಕೆ ಮುಳುವಾಗಿದೆ. ಮಸಿ ಹಿಡಿದಿದೆ ಎಂದುಕೊಂಡು ಯಾರೋ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಇನ್ನೂರು ವರ್ಷದ ಲೆಕ್ಕ ಒಂದು ನಿಮಿಷದಲ್ಲಿ ಹೋಗುತ್ತದೆ.

ಕಾಗದದ ಕಟ್ಟುಗಳಲ್ಲಿ ಈ ಜಿಲ್ಲೆಗೆ ವಿಶೇಷವಾದದ್ದು 1930ರ ದಶಕದವು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು, ಹಿಂದೆಯೇ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ಎದ್ದಿತು. ತೀರ್ವೆ ಕೊಡದವರ ಹೊಲ, ತೋಟ, ಪಾತ್ರೆ, ದನಕರು ಜಪ್ತಿಯಾದವು. 1937ರಲ್ಲಿ ಮುಂಬೈ ಪ್ರಾಂತದಲ್ಲಿ ಕಾಂಗ್ರೆಸ್ ಸರಕಾರ ಬಂದ ಮೇಲೆ ಜಮೀನು ಹಿಂದಿರುಗಿಸಲು ಕಾನೂನು ಮಾಡಿದರು. ಇಂಥ ಮನೆಯ ಕಟ್ಟಿನಲ್ಲಿ ಜಪ್ತಿ ನೋಟೀಸು, ಜೈಲಿನ ಮುದ್ರೆ ಬಿದ್ದ ಕಾಗದ, ಅದೇ ವಾರ ಅಂಗಡಿಯಲ್ಲಿ ಸಾಲ ತಂದ ಚೀಟಿ ಒಂದೇ ಗುಂಡುಪಿನ್ನಿಗೆ ಸಿಕ್ಕಿಕೊಂಡಿರಬಹುದು. ನೋಟೀಸಿನ ಪ್ರತಿ ಬೇರೆಡೆಯೂ ಇದ್ದೀತು. ಯಜಮಾನ ಜೈಲಿಗೆ ಹೋದ ವಾರ ಮನೆಯವರು ಏನು ಉಂಡರು ಎನ್ನುವುದು ಆ ಸಾಲದ ಚೀಟಿಯಲ್ಲಿ ಮಾತ್ರ. ಅದಕ್ಕೇ ಕಟ್ಟು ಬಿಚ್ಚಿದ ಕೂಡಲೇ ಕಾಗದಗಳನ್ನು ಇಸವಿವಾರು ಜೋಡಿಸಲು ಕೂರಬಾರದು. ಯಾವುದರ ಜೊತೆ ಯಾವುದು ಇತ್ತು ಎಂಬುದು ಒಮ್ಮೆ ತಪ್ಪಿದರೆ ಮತ್ತೆ ಸಿಗುವುದಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಈ ಕಟ್ಟುಗಳು ಹೆಚ್ಚಾಗಿ ಓದುಬರಹ, ಜಮೀನು ಎರಡೂ ಇದ್ದವರ ಮನೆಯವು. ಹಾಲಕ್ಕಿ ಒಕ್ಕಲಿಗರು, ಮೀನುಗಾರರು, ತೋಟದ ಆಳುಗಳು ಅಲ್ಲಿ ಕಾಣುವುದು ಗೇಣಿ ಲೆಕ್ಕದ ಒಂದು ಸಾಲಾಗಿ, ಸಾಲದ ಬಾಕಿಯಾಗಿ. ಅವರ ಮನೆಯಲ್ಲಿ ಉಳಿದ ಗೇಣಿ ಚೀಟಿ, ಮನೆಪಟ್ಟಿ ರಸೀದಿಯೂ ದಾಖಲೆಯೇ. 1974ರ ಭೂಸುಧಾರಣೆಯಲ್ಲಿ ಗೇಣಿಗೆ ಉಳುತ್ತಿದ್ದುದನ್ನು ತೋರಿಸಲು ಅಂಥ ಚೀಟಿ ನೆರವಾಗುತ್ತಿತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಮತ್ತೆ ಅಟ್ಟ ಹತ್ತುವ ಕೆಲಸ ಬಂತು. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಒಂದಕ್ಕಿಂತ ಹೆಚ್ಚು ಪುರಾವೆ ಬೇಕು. ಆ ಲೆಕ್ಕ 1930ಕ್ಕೆ ಹೋಗಿ ನಿಲ್ಲುತ್ತದೆ.

ಹಾಳಾಗುವುದು ಹೇಗೆ? ಗಾಳಿಯ ತೇವಾಂಶ ಶೇ. 65 ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ, ಕರಾವಳಿಯ ಮಳೆಗಾಲದಲ್ಲಿ ಅದು ದಿನನಿತ್ಯದ ಮಾತು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಆಡುತ್ತಿದ್ದಾಗ ತಾಳೆಗರಿಗೆ ಹುಳದ ಕಾಟ ಕಡಿಮೆಯಿತ್ತು. ಗ್ಯಾಸು ಬಂತು, ಹೊಗೆ ಹೋಯಿತು, ಒರಲೆ ಏರಿತು. ಅಳಲೆಕಾಯಿ, ಅನ್ನಭೇದಿ (ಕಬ್ಬಿಣದ ಲವಣ) ಹಾಕಿ ಮಾಡಿದ ಶಾಯಿಯಲ್ಲಿ ಆಮ್ಲ, ಕಬ್ಬಿಣ ಎರಡೂ ಇರುವುದರಿಂದ ಅದು ಕಾಗದವನ್ನೇ ತಿನ್ನುತ್ತದೆ. ಕೊನೆಗೆ ಅಕ್ಷರ ಇದ್ದಲ್ಲಿ ಅಕ್ಷರದಾಕಾರದ ತೂತು ಉಳಿಯುತ್ತದೆ. ಇಷ್ಟು ಸಾಲದೆಂದು ನಾವು ಸೆಲ್ಲೋ ಟೇಪು ಅಂಟಿಸುತ್ತೇವೆ, ಲ್ಯಾಮಿನೇಷನ್ ಮಾಡಿಸುತ್ತೇವೆ. ಟೇಪಿನ ಅಂಟು ಹಳದಿಯಾಗಿ ಒಳಗಿಳಿಯುತ್ತದೆ. ಲ್ಯಾಮಿನೇಷನ್ ಬಿಸಿಗೆ ಕಾಗದ ಸೊರಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ.

2019 ಮತ್ತು 2021ರ ನೆರೆಯಂತೆ ನೀರು ಮನೆಗೇ ನುಗ್ಗಿದರೆ ಇರುವ ಅವಕಾಶ ಸುಮಾರು 48 ಗಂಟೆ, ಆಮೇಲೆ ಬೂಷ್ಟು ಏಳುತ್ತದೆ. ಒದ್ದೆ ಹಾಳೆಗಳನ್ನು ಎಳೆದು ಬಿಡಿಸಬೇಡಿ. ಕಟ್ಟನ್ನು ಹಾಗೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿಗೆ ಹಾಕಿದರೆ ಬೂಷ್ಟು ಬೆಳೆಯದೆ ನಿಲ್ಲುತ್ತದೆ, ಒಣಗಿಸುವ ಕೆಲಸ ನಿಧಾನ ಮಾಡಬಹುದು. ಮೀನಿನ ಕೋಲ್ಡ್ ಸ್ಟೋರೇಜೂ ಆದೀತು, ಚೀಲದ ಬಾಯಿ ಬಿಗಿಯಾಗಿರಲಿ. ಒಣಗಿಸುವುದು ನೆರಳಿನಲ್ಲಿ, ಫ್ಯಾನಿನ ಗಾಳಿಗೆ. ಬಿಸಿಲಿಗೆ ಹರವಿದರೆ ಕಾಗದ ಸುರುಟಿ ಶಾಯಿ ಮಾಸುತ್ತದೆ.

ಉಳಿದಂತೆ ಕೆಲಸ ಸಣ್ಣದು. ಬಿಚ್ಚುವ ಮೊದಲು ಕಟ್ಟಿನ ಫೋಟೋ ತೆಗೆಯಿರಿ. ತುಕ್ಕು ಹಿಡಿದ ಪಿನ್ನು ಎಳೆಯದೆ, ಕೆಳಗೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೆಲ್ಲಗೆ ಎಬ್ಬಿಸಿ. ಪ್ರತಿ ಹಾಳೆಯ ಹಿಂದೆ ಮೂಲೆಯಲ್ಲಿ ಮೆದು ಪೆನ್ಸಿಲಿನಲ್ಲಿ ಕಟ್ಟಿನ ಸಂಖ್ಯೆ, ಹಾಳೆಯ ಸಂಖ್ಯೆ ಬರೆಯಿರಿ. ಸುತ್ತಲು ಬಣ್ಣ ಹಾಕದ ಹತ್ತಿಬಟ್ಟೆ ಒಳ್ಳೆಯದು. ದಫ್ತರಗಳ ಕೆಂಪು ರುಮಾಲು ನೋಡಲು ಚೆಂದ, ನೆನೆದರೆ ಬಣ್ಣ ಬಿಟ್ಟು ಕಾಗದವೂ ಕೆಂಪು. ಸ್ಕ್ಯಾನು 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಕಡಿಮೆ ಬೇಡ. ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಪತ್ರಗಳಾದರೆ 600 ಇರಲಿ, ಅದರ ಕೊಂಡಿಗಳು ಮಸುಕಾದರೆ ಬಲ್ಲವರೂ ಓದಲಾರರು.

ಸಂಗ್ರಹಾಲಯಕ್ಕೆ ಕೊಡುವಾಗ ಎಡವುವುದು ಹಕ್ಕಿನಲ್ಲಿ. ಬಂದ ಪತ್ರದ ಕಾಗದ ನಿಮ್ಮದು, ಅದರಲ್ಲಿನ ಬರಹದ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ಆದ್ದರಿಂದ ಒಪ್ಪಂದದಲ್ಲಿ ಕೊಟ್ಟದ್ದು ಮೂಲವೋ ಪ್ರತಿಯೋ, ಯಾವ ಕಟ್ಟು ಎಷ್ಟು ವರ್ಷ ಮುಚ್ಚಿರಬೇಕು, ಅಂತರ್ಜಾಲಕ್ಕೆ ಹಾಕಬಹುದೇ, ಸಂಸ್ಥೆ ಮುಚ್ಚಿದರೆ ಕಟ್ಟು ಎಲ್ಲಿಗೆ ಹೋಗಬೇಕು ಎಂಬ ನಾಲ್ಕೂ ಬರೆದಿರಲಿ. ಜೊತೆಗೆ ಹಾಳೆಗಳ ಎಣಿಕೆಯ ಪಟ್ಟಿ, ಎರಡೂ ಕಡೆಯವರ ಸಹಿ. ಒಂದು ಪ್ರತಿ ಮನೆಯಲ್ಲಿರಲಿ, ಆದರೆ ಅಟ್ಟದ ಮೇಲೆ ಬೇಡ.