‘ಸರಳ, ಸಜ್ಜನ’ ಅಂದುಬಿಟ್ಟರೆ ಸಾಕೇ? ನಿಜಲಿಂಗಪ್ಪ, ಪಟೇಲರನ್ನು ಅಳೆಯುವ ಬಗೆ

ದಾವಣಗೆರೆಯ ಪಿ.ಬಿ. ರಸ್ತೆಯಾಗಲಿ, ಚಿತ್ರದುರ್ಗದ ಗಾಂಧಿ ವೃತ್ತವಾಗಲಿ, ಹಿರಿಯ ರಾಜಕಾರಣಿಯೊಬ್ಬರು ತೀರಿಕೊಂಡ ಮಾರನೇ ದಿನ ಫ್ಲೆಕ್ಸ್‌ಗಳು ಏಳುತ್ತವೆ. ಮಧ್ಯದಲ್ಲಿ ದೊಡ್ಡ ಫೋಟೊ, ಮೇಲೆ ‘ಅಜಾತಶತ್ರು’, ಕೆಳಗೆ ‘ಮೌಲ್ಯಾಧಾರಿತ ರಾಜಕಾರಣದ ಕೊಂಡಿ ಕಳಚಿತು’. ಅದಕ್ಕೂ ಕೆಳಗೆ ಫ್ಲೆಕ್ಸ್ ಹಾಕಿಸಿದವರ ಪುಟ್ಟ ಪುಟ್ಟ ಮುಖಗಳು ಸಾಲಾಗಿ. ನುಡಿನಮನ ಸಭೆಯಲ್ಲೂ ಅದೇ ಮಾತು. ಸರಳ, ಸಜ್ಜನ, ಎಲ್ಲರಿಗೂ ಬೇಕಾದವರು. ನಿವೃತ್ತಿ ಘೋಷಿಸಿದವರಿಗೂ ಇದೇ ಗೌರವ ಸಿಗುತ್ತದೆ. ಅವರ ತೀರ್ಮಾನಗಳಿಂದ ಯಾರ ಬದುಕು ಹಸನಾಯಿತು, ಯಾರ ಮನೆ ಮುಳುಗಿತು ಅಂತ ಯಾರೂ ಕೇಳುವುದಿಲ್ಲ.

ನಮ್ಮ ಭಾಗದವರು ಇದನ್ನು ಕೇಳಲೇಬೇಕು. 2000ನೇ ಇಸವಿಯ ಆಗಸ್ಟ್ 8ರಂದು ಎಸ್. ನಿಜಲಿಂಗಪ್ಪ ತೀರಿಕೊಂಡರು. ಅದೇ ವರ್ಷ ಡಿಸೆಂಬರ್ 12ಕ್ಕೆ ಜೆ.ಎಚ್. ಪಟೇಲ್ ಹೋದರು. ಇಬ್ಬರೂ ಮುಖ್ಯಮಂತ್ರಿಯಾಗಿದ್ದವರು. ಒಬ್ಬರು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ ಹುಟ್ಟಿ ಚಿತ್ರದುರ್ಗದಲ್ಲಿ ವಕೀಲರಾದವರು. ಇನ್ನೊಬ್ಬರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರು. ಸ್ವಭಾವದಲ್ಲಿ ಇಬ್ಬರೂ ಉತ್ತರ ದಕ್ಷಿಣ. ಆದರೂ ನಾವು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಮಾತು ಹೇಳಿ ಕಳಿಸಿಕೊಟ್ಟೆವು.

ನಿಜಲಿಂಗಪ್ಪನವರ ಸರಳತೆ ಸುಳ್ಳಲ್ಲ. ಅಧಿಕಾರ ಹೋದ ಮೇಲೆ ಸುಮಾರು ಮೂರು ದಶಕ ಬದುಕಿದರು, ಕೊನೆಯುಸಿರೆಳೆದದ್ದೂ ಚಿತ್ರದುರ್ಗದಲ್ಲೇ. ಅದಕ್ಕೆ ಗೌರವ ಸಲ್ಲಲೇಬೇಕು. ಆದರೆ ಅದು ಅವರ ಖಾಸಗಿ ಬದುಕಿನ ಗುಣ. ರಾಜಕಾರಣಿಯ ಮೌಲ್ಯ ತಿಳಿಯಬೇಕಾದರೆ ಕುರ್ಚಿ ಕೈಗೆ ಬಂದಾಗ, ಕೈಬಿಟ್ಟು ಹೋಗುವಾಗ ಏನು ಮಾಡಿದರು ಅಂತ ನೋಡಬೇಕು ಅನ್ನುವುದು ನನ್ನ ನಂಬಿಕೆ.

ಮೊದಲು ಏಕೀಕರಣ. ಕನ್ನಡ ಮಾತಾಡುವ ಜಿಲ್ಲೆಗಳೆಲ್ಲ ಒಂದಾಗಬೇಕು ಅನ್ನುವುದಕ್ಕೆ ಹಳೇ ಮೈಸೂರಿನ ಕಾಂಗ್ರೆಸ್ಸಿನಲ್ಲೇ ದೊಡ್ಡ ವಿರೋಧವಿತ್ತು. ಉತ್ತರದ ಜಿಲ್ಲೆಗಳು ಸೇರಿದರೆ ಅಧಿಕಾರ ಲಿಂಗಾಯತರ ಕೈಗೆ ಹೋಗುತ್ತದೆ ಅನ್ನುವ ಭಯ ಅದರ ಹಿಂದಿತ್ತು. ಏಕೀಕರಣದ ಪರ ನಿಂತ ಕೆಂಗಲ್ ಹನುಮಂತಯ್ಯ 1956ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಕಳೆದುಕೊಂಡರು. ನವೆಂಬರ್ 1ಕ್ಕೆ ಹೊಸ ರಾಜ್ಯ ಹುಟ್ಟಿದಾಗ ಕುರ್ಚಿ ಸಿಕ್ಕಿದ್ದು ನಿಜಲಿಂಗಪ್ಪನವರಿಗೆ. ಏಕೀಕರಣಕ್ಕೆ ಅವರು ವರ್ಷಗಟ್ಟಲೆ ದುಡಿದಿದ್ದರು, ನಿಜ. ಆದರೆ ಬೆಲೆ ತೆತ್ತವರು ಹನುಮಂತಯ್ಯ. ನಮ್ಮ ಜಿಲ್ಲೆಯ ಅಭಿಮಾನದಲ್ಲಿ ಇದನ್ನು ಮರೆಯಬಾರದು, ಅಲ್ವಾ?

ಆ ಭಯ ಪೂರ್ತಿ ಹುಸಿಯಾಗಲಿಲ್ಲ ಅನ್ನುವುದನ್ನೂ ಒಪ್ಪಿಕೊಳ್ಳೋಣ. 1956ರಿಂದ 1971ರವರೆಗೆ ಮುಖ್ಯಮಂತ್ರಿಯಾದ ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ್ ಎಲ್ಲರೂ ಲಿಂಗಾಯತರು.

ಕುರ್ಚಿಯೇನೂ ಭದ್ರವಾಗಿರಲಿಲ್ಲ. ಪಕ್ಷದೊಳಗಿನ ಭಿನ್ನಮತದಿಂದ 1958ರ ಮೇನಲ್ಲಿ ನಿಜಲಿಂಗಪ್ಪ ಇಳಿದರು, ಜತ್ತಿ ಬಂದರು. 1962ರ ಚುನಾವಣೆಯಲ್ಲಿ ಹೊಸದುರ್ಗದ ಮತದಾರರು ಅವರನ್ನು ಸೋಲಿಸಿಬಿಟ್ಟರು. ಸ್ವಂತ ಜಿಲ್ಲೆಯವರೇ! ನಾಯಕ ಸೋತಿದ್ದರಿಂದ ಮಾರ್ಚ್‌ನಲ್ಲಿ ಕಂಠಿ ಮುಖ್ಯಮಂತ್ರಿಯಾದರು. ಅಷ್ಟರಲ್ಲಿ ನಿಜಲಿಂಗಪ್ಪ ಬಾಗಲಕೋಟೆಯಿಂದ ಅವಿರೋಧವಾಗಿ ಆರಿಸಿ ಬಂದರು. ಜೂನ್‌ನಲ್ಲಿ ಕಂಠಿ ಕುರ್ಚಿ ಬಿಟ್ಟುಕೊಟ್ಟರು. ಸಿಕ್ಕ ಮುಖ್ಯಮಂತ್ರಿ ಪದವಿಯನ್ನು ಮೂರೇ ತಿಂಗಳಿಗೆ ವಾಪಸ್ ಕೊಟ್ಟ ಆ ಮನುಷ್ಯನ ಹೆಸರಿನ ಫ್ಲೆಕ್ಸ್ ನಮ್ಮ ಕಡೆ ನಾನಂತೂ ಕಂಡಿಲ್ಲ.

ಮರಳಿ ಬಂದ ಕೂಡಲೇ ನಿಜಲಿಂಗಪ್ಪ ಸರ್ಕಾರ ಹೊರಡಿಸಿದ ಒಂದು ಆದೇಶ ಇಡೀ ದೇಶದ ಮೇಲೆ ಗುರುತು ಬಿಟ್ಟಿದೆ. 1962ರ ಜುಲೈ 31ರ ಆ ಆದೇಶ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಶೇ 68ರಷ್ಟನ್ನು ಮೀಸಲಿಟ್ಟಿತು. ಮೆರಿಟ್‌ಗೆ ಉಳಿದದ್ದು ಶೇ 32. ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿಗೆ ಹೋದರು. ಎಂ.ಆರ್. ಬಾಲಾಜಿ ಪ್ರಕರಣ ಅಂತ ಹೆಸರಾಯಿತು. ಕೋರ್ಟು ಆದೇಶವನ್ನು ರದ್ದು ಮಾಡಿತು. ಹಿಂದುಳಿದಿರುವಿಕೆಗೆ ಜಾತಿಯೊಂದೇ ಅಳತೆಯಾಗಬಾರದು, ಮೀಸಲಾತಿ ಸಾಮಾನ್ಯವಾಗಿ ಶೇ 50ಕ್ಕಿಂತ ಕಡಿಮೆ ಇರಬೇಕು ಅಂದಿತು. ಇವತ್ತಿಗೂ ಮೀಸಲಾತಿ ಚರ್ಚೆಯಲ್ಲಿ ಬರುವ ಆ ಶೇ 50ರ ಗೆರೆಯ ಬೇರು ಇಲ್ಲಿದೆ. ಆ ಆದೇಶ ಹಿಂದುಳಿದವರಿಗೆ ಎಷ್ಟು ನೆರವಾಗುತ್ತಿತ್ತು, ಆಗಲೇ ಬಲವಾಗಿದ್ದವರಿಗೆ ಎಷ್ಟು ಪಾಲು ಹೋಗುತ್ತಿತ್ತು ಅನ್ನುವುದು ಗಂಭೀರ ಪ್ರಶ್ನೆ. ನಿಜಲಿಂಗಪ್ಪನವರ ಬಗ್ಗೆ ಮಾತಾಡುವಾಗ ಇದನ್ನು ಬಿಟ್ಟರೆ ಲೆಕ್ಕ ಅರ್ಧವಾಗುತ್ತದೆ.

ಶರಾವತಿಯ ವಿಷಯವೂ ಹಾಗೇ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು ಅವರ ಕಾಲದಲ್ಲಿ, 1964ರಲ್ಲಿ. ನಾಡಿನ ಕಾರ್ಖಾನೆಗಳಿಗೆ ಕರೆಂಟು ಬಂತು. ಮುಳುಗಡೆಯಾದ ಹಳ್ಳಿಗಳ ಜನರ ಮಕ್ಕಳು, ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕಾಗಿ ಹೋರಾಡುತ್ತಲೇ ಬಂದರು. 1961ರ ಭೂ ಸುಧಾರಣಾ ಕಾಯ್ದೆ ಅವರ ಸರ್ಕಾರ ಇದ್ದಾಗ, 1965ರಲ್ಲಿ ಜಾರಿಯಾಯಿತು. ಆದರೆ ಗೇಣಿದಾರನಿಗೆ ಅದರಿಂದ ಹೆಚ್ಚೇನೂ ಸಿಗಲಿಲ್ಲ. ಅದಕ್ಕೆ 1974ರ ದೇವರಾಜ ಅರಸರ ತಿದ್ದುಪಡಿಯೇ ಬೇಕಾಯಿತು.

ಅವರ ರಾಜಕೀಯದ ಕೊನೆ ದೆಹಲಿಯಲ್ಲಾಯಿತು. 1968ರಲ್ಲಿ ಕುರ್ಚಿಯನ್ನು ವೀರೇಂದ್ರ ಪಾಟೀಲರಿಗೆ ಬಿಟ್ಟು ಕಾಂಗ್ರೆಸ್ ಅಧ್ಯಕ್ಷರಾಗಿ ಹೋದರು. ಮರುವರ್ಷ ರಾಷ್ಟ್ರಪತಿ ಚುನಾವಣೆ ಬಂತು. ಪಕ್ಷದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಅವರಿಗೆ ಎರಡನೇ ಪ್ರಾಶಸ್ತ್ಯದ ಮತ ಕೇಳಲು ನಿಜಲಿಂಗಪ್ಪ ಜನಸಂಘ, ಸ್ವತಂತ್ರ ಪಕ್ಷದ ನಾಯಕರ ಜೊತೆ ಮಾತಾಡಿದರು. ಇಂದಿರಾ ಗಾಂಧಿ ಬಣ ಅದನ್ನೇ ಅಸ್ತ್ರ ಮಾಡಿಕೊಂಡಿತು. ವಿ.ವಿ. ಗಿರಿ ಗೆದ್ದರು. ನವೆಂಬರ್ 12ಕ್ಕೆ ನಿಜಲಿಂಗಪ್ಪ ಅಧ್ಯಕ್ಷರಾಗಿದ್ದ ಪಕ್ಷ ಪ್ರಧಾನಿಯನ್ನೇ ಉಚ್ಚಾಟಿಸಿತು. ಪಕ್ಷ ಒಡೆಯಿತು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸೀಟೂ ಇಂದಿರಾ ಪಾಲಾದವು. ಜನ ಇಷ್ಟು ನಿಚ್ಚಳವಾಗಿ ಬೇಡ ಅಂದದ್ದು ಕಡಿಮೆ. ಅಧಿಕಾರ ಒಬ್ಬರ ಕೈಲಿ ಕೂಡಬಾರದು ಅನ್ನುವ ಅವರ ಬಣದ ವಾದಕ್ಕೆ 1975ರ ತುರ್ತು ಪರಿಸ್ಥಿತಿ ತೂಕ ತಂದುಕೊಟ್ಟಿತು. ಆದರೆ ಬ್ಯಾಂಕ್ ರಾಷ್ಟ್ರೀಕರಣದ ದಿನಗಳಲ್ಲಿ ಬಡವರಿಗೆ ಅವರ ಬಣ ಏನನ್ನೂ ಹೇಳಲಿಲ್ಲ. ಸೋತದ್ದು ಅಲ್ಲೇ ಅಂತ ನನಗನ್ನಿಸುತ್ತದೆ.

ಇನ್ನು ಪಟೇಲರು. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ ಮೊದಲಿಗರು. ಅವತ್ತು ಸಭಾಧ್ಯಕ್ಷರಾಗಿದ್ದು ಇದೇ ಸಂಜೀವ ರೆಡ್ಡಿ. ತುರ್ತು ಪರಿಸ್ಥಿತಿಯಲ್ಲಿ ಪಟೇಲರು ಜೈಲು ಕಂಡರು. 1996ರಲ್ಲಿ ಮುಖ್ಯಮಂತ್ರಿ. ಅವರ ಮಾತು, ನಗೆ, ಏನನ್ನೂ ಮುಚ್ಚಿಡದ ಸ್ವಭಾವದ ಕಥೆಗಳು ಇಂದಿಗೂ ಓಡಾಡುತ್ತವೆ. ಕಥೆಗಳ ಭರಾಟೆಯಲ್ಲಿ ಅವರ ದೊಡ್ಡ ಕೆಲಸವೇ ಹಿಂದೆ ಬಿದ್ದಿದೆ. 1997ರಲ್ಲಿ ಅವರು ಏಳು ಹೊಸ ಜಿಲ್ಲೆ ಮಾಡಿದರು. ದಾವಣಗೆರೆ ಅದರಲ್ಲೊಂದು.

ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಹೊರಟವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ ಬಂದವು. ಹೀಗಾಗಿ ನಿಜಲಿಂಗಪ್ಪ ತೀರಿಕೊಂಡಾಗ ಅವರ ಹುಟ್ಟೂರು ಪಟೇಲರು ಮಾಡಿದ ಜಿಲ್ಲೆಯಲ್ಲಿತ್ತು. ಈಗ ಅದು ವಿಜಯನಗರ ಜಿಲ್ಲೆ. ಸಂವಿಧಾನದ 371ಜೆ ವಿಧಿಯಡಿ ಹೈದರಾಬಾದ್ ಕರ್ನಾಟಕ ಭಾಗಕ್ಕೆ ಸಿಗುವ ವಿಶೇಷ ಸವಲತ್ತಿಗಾಗಿ ಹರಪನಹಳ್ಳಿಯವರು ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿದರು, 2021ರಲ್ಲಿ ವಿಜಯನಗರಕ್ಕೆ ಸೇರಿದರು.

ಜಿಲ್ಲೆ ಕೊಟ್ಟ ಪಟೇಲರನ್ನು 1999ರಲ್ಲಿ ಚನ್ನಗಿರಿಯೇ ಸೋಲಿಸಿತು. ದಾವಣಗೆರೆಯವರಿಗೆ ಡಿಸಿ ಕಚೇರಿ ಊರಲ್ಲೇ ಬಂತು, ಭದ್ರಾ ಕಾಲುವೆಯ ಭತ್ತದ ಗದ್ದೆಯೂ ಅವರ ಪಾಲಿಗೇ ಉಳಿಯಿತು. ಚಿತ್ರದುರ್ಗಕ್ಕೆ ಉಳಿದದ್ದು ಆರು ತಾಲ್ಲೂಕು, ಹೆಚ್ಚಿನದೆಲ್ಲ ಮಳೆ ನಂಬಿದ ನೆಲ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಪಟೇಲರ ಮಾತೆತ್ತಿದರೆ ಜನ ಈ ಒಣ ನೆಲಕ್ಕೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಯ ಮಾತೆತ್ತುತ್ತಾರೆ. 2023ರ ಕೇಂದ್ರ ಬಜೆಟ್ಟಿನಲ್ಲಿ ಆ ಯೋಜನೆಗೆ ಘೋಷಿಸಿದ 5,300 ಕೋಟಿ ರೂಪಾಯಿಯ ಲೆಕ್ಕ ಕೇಳುತ್ತಾರೆ. ಪಟೇಲರಿಗಾಗಲಿ, ನಿಜಲಿಂಗಪ್ಪನವರಿಗಾಗಲಿ, ಅವರು ಹಿಡಿಯುವ ಅಳತೆ ನೀರು.